ಹೃದಯ ವೈಫಲ್ಯದಲ್ಲಿ ಟಾರಿನ್: ಆಹಾರ ಪೂರಕದ ಸಾಧ್ಯತೆ ಮತ್ತು ಮಿತಿ

ನಗರಗಳ ಔಷಧದ ಅಂಗಡಿಗಳಲ್ಲಿ ಇಂದು ವೈದ್ಯರು ಬರೆದುಕೊಡುವ ಮಾತ್ರೆಗಳ ಪಕ್ಕದಲ್ಲಿಯೇ ಬಗೆಬಗೆಯ ಆಹಾರ ಪೂರಕಗಳೂ ಮಾರಾಟಕ್ಕಿರುತ್ತವೆ. ಜೀವಸತ್ತ್ವ, ಖನಿಜ, ಮೀನೆಣ್ಣೆ ಮುಂತಾದವುಗಳ ಸಾಲಿನಲ್ಲಿ ಅಮೈನೋ ಆಮ್ಲಗಳಿಗೂ ಒಂದು ಸ್ಥಾನ ದೊರೆತಿದೆ. ಇವುಗಳ ಪೈಕಿ ಟಾರಿನ್ ಎಂಬುದು ಹೃದಯದ ಸ್ನಾಯುವಿಗೆ ಬಲ ನೀಡುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಮನೆಯಲ್ಲಿ ಹೃದಯ ವೈಫಲ್ಯದಿಂದ ಬಳಲುತ್ತಿರುವ ಹಿರಿಯರಿದ್ದಾಗ ಇಂತಹ ಮಾತು ಕುಟುಂಬದವರ ಮನಸ್ಸಿನಲ್ಲಿ ಆಸೆ ಹುಟ್ಟಿಸುವುದು ಸಹಜ. ಇದನ್ನು ಕೊಡಬಹುದೇ? ಕೊಟ್ಟರೆ ಗುಣ ಕಾಣುವುದೇ? ಇದನ್ನು ಆರಂಭಿಸಿದ ಮೇಲೆ ಈಗಿರುವ ಮಾತ್ರೆಗಳನ್ನು ಕಡಿಮೆ ಮಾಡಬಹುದೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಓದುಗರಿಗೆ ನೆರವಾಗುವುದೇ ಪ್ರಸ್ತುತ ಪಾಠದ ಉದ್ದೇಶ. ಅದರೊಂದಿಗೆ, ಯಾವುದೇ ಪೂರಕದ ಬಗ್ಗೆ ಕೇಳಿಬರುವ ಮಾತನ್ನು ಒರೆಗೆ ಹಚ್ಚಿ ನೋಡುವ ವಿಧಾನವನ್ನೂ ಇಲ್ಲಿ ವಿವರಿಸಲಾಗಿದೆ.

ಹೃದಯ ವೈಫಲ್ಯವೆಂದರೇನು?

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದು ಎಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ನಮ್ಮ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿದು, ದೇಹದ ಎಲ್ಲ ಭಾಗಗಳಿಗೂ ರಕ್ತವನ್ನು ತಲುಪಿಸುತ್ತದೆ. ದೇಹದ ಅಗತ್ಯಕ್ಕೆ ತಕ್ಕಷ್ಟು ರಕ್ತವನ್ನು ಒತ್ತಿ ಕಳುಹಿಸಲು ಅದಕ್ಕೆ ಸಾಧ್ಯವಾಗದಿರುವ ಸ್ಥಿತಿಯೇ ಹೃದಯ ವೈಫಲ್ಯ. ಹೃದಯಾಘಾತ, ಬಹುಕಾಲದ ಅಧಿಕ ರಕ್ತದೊತ್ತಡ, ಕವಾಟಗಳ ದೋಷ, ಸಕ್ಕರೆ ಕಾಯಿಲೆ, ಅತಿಯಾದ ಮದ್ಯಪಾನ ಇವು ಅದರ ಮುಖ್ಯ ಕಾರಣಗಳು. ನಡೆದಾಡುವಾಗ ಏದುಸಿರು ಬರುವುದು, ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರಬೇಕಾಗುವುದು, ಪಾದ ಮತ್ತು ಕಣಕಾಲು ಊದಿಕೊಳ್ಳುವುದು, ಸದಾ ಆಯಾಸವಾಗುವುದು ಇದರ ಲಕ್ಷಣಗಳು.

ಹೃದಯದ ಎಡಭಾಗದ ಕೆಳಕೋಣೆಯು ತನ್ನಲ್ಲಿ ತುಂಬಿಕೊಂಡ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತದಲ್ಲಿ ಹೊರದೂಡುತ್ತದೆ ಎಂಬುದನ್ನು ಎಕೋ ಪರೀಕ್ಷೆಯಿಂದ ಅಳೆಯಲಾಗುತ್ತದೆ. ಈ ಪ್ರಮಾಣಕ್ಕೆ ಎಜೆಕ್ಷನ್ ಫ್ರ್ಯಾಕ್ಷನ್ ಎಂದು ಹೆಸರು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇಕಡಾ 55ರಿಂದ 70ರವರೆಗೆ ಇರುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಕೆಳಗಿಳಿದಾಗ ಹೃದಯದ ಒತ್ತುವ ಶಕ್ತಿ ಗಣನೀಯವಾಗಿ ಕುಗ್ಗಿದೆ ಎಂದು ವೈದ್ಯರು ಪರಿಗಣಿಸುತ್ತಾರೆ.

ಟಾರಿನ್ ಎಂಬ ವಸ್ತು

ಜರ್ಮನಿಯ ವಿಜ್ಞಾನಿಗಳಾದ ಫ್ರೀಡ್ರಿಶ್ ಟೀಡೆಮನ್ ಮತ್ತು ಲಿಯೋಪೋಲ್ಡ್ ಗ್ಮೆಲಿನ್ ಅವರು 1827ರಲ್ಲಿ ಎತ್ತಿನ ಪಿತ್ತರಸದಿಂದ ಈ ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಟಾರಸ್ ಎಂದರೆ ಗೂಳಿ; ಟಾರಿನ್ ಎಂಬ ಹೆಸರಿಗೆ ಅದೇ ಮೂಲ. ಸಾಮಾನ್ಯ ಅಮೈನೋ ಆಮ್ಲಗಳು ಒಂದಕ್ಕೊಂದು ಸೇರಿ ಪ್ರೋಟೀನುಗಳಾಗುತ್ತವೆ. ಟಾರಿನ್ ಹಾಗಲ್ಲ. ಗಂಧಕವನ್ನು ಒಳಗೊಂಡಿರುವ ಈ ವಸ್ತುವು ಪ್ರೋಟೀನಿನ ಭಾಗವಾಗದೆ ಜೀವಕೋಶಗಳಲ್ಲಿ ಬಿಡಿಯಾಗಿಯೇ ಇರುತ್ತದೆ. ಹೃದಯ, ಮೆದುಳು, ಕಣ್ಣಿನ ಅಕ್ಷಿಪಟ ಮತ್ತು ಮಾಂಸಖಂಡಗಳಲ್ಲಿ ಇದರ ಸಂಗ್ರಹ ಹೆಚ್ಚು. ಪಿತ್ತರಸದ ಲವಣಗಳ ರಚನೆ, ಜೀವಕೋಶದೊಳಗಿನ ನೀರಿನ ಸಮತೋಲನ, ಹೃದಯಸ್ನಾಯು ಸಂಕುಚಿಸಲು ಅವಶ್ಯಕವಾದ ಕ್ಯಾಲ್ಸಿಯಂನ ಹತೋಟಿ ಇವೆಲ್ಲವುಗಳಲ್ಲಿಯೂ ಇದರ ಪಾತ್ರವಿದೆ.

ಮಾಂಸ, ಮೀನು ಮತ್ತು ಕಪ್ಪೆಚಿಪ್ಪಿನ ಜಾತಿಯ ಜಲಚರಗಳಲ್ಲಿ ಟಾರಿನ್ ಹೇರಳವಾಗಿದೆ. ಧಾನ್ಯ, ಬೇಳೆ, ತರಕಾರಿ, ಹಣ್ಣುಗಳಲ್ಲಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಹಾಗಿದ್ದರೂ ಸಸ್ಯಾಹಾರಿಗಳು ಗಾಬರಿಯಾಗಬೇಕಾದ ಕಾರಣವಿಲ್ಲ. ಬೇಳೆಕಾಳು, ಹಾಲು ಮುಂತಾದ ಆಹಾರದಿಂದ ದೊರೆಯುವ ಮೆಥಿಯೋನಿನ್ ಮತ್ತು ಸಿಸ್ಟೀನ್ ಎಂಬ ಅಮೈನೋ ಆಮ್ಲಗಳನ್ನು ಬಳಸಿಕೊಂಡು ಮನುಷ್ಯನ ಯಕೃತ್ತು ಟಾರಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಪ್ರಾಣಿಜನ್ಯ ಆಹಾರವನ್ನು ಪೂರ್ತಿಯಾಗಿ ತ್ಯಜಿಸಿದವರ ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಕಡಿಮೆಯಿರುವುದು ಕಂಡುಬಂದಿದೆ. ಆದರೆ ಅದರಿಂದ ಹೃದಯ ವೈಫಲ್ಯ ಉಂಟಾಗುತ್ತದೆಂದು ಸಿದ್ಧಪಟ್ಟಿಲ್ಲ.

ಬೆಕ್ಕುಗಳಿಂದ ದೊರೆತ ಪಾಠ

ಟಾರಿನ್‌ಗೂ ಹೃದಯಕ್ಕೂ ಇರುವ ಸಂಬಂಧವನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಾಣಿ ಬೆಕ್ಕು. ಮನುಷ್ಯನಂತೆ ಸಾಕಷ್ಟು ಟಾರಿನನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿಗೆ ಇಲ್ಲ. ಆಹಾರದ ಮೂಲಕವೇ ಅದು ದೊರೆಯಬೇಕು. ಅಮೆರಿಕದಲ್ಲಿ ಸಾಕುಬೆಕ್ಕುಗಳು ಹೃದಯ ಹಿಗ್ಗಿ, ದುರ್ಬಲಗೊಂಡು ಸಾಯುತ್ತಿದ್ದುದರ ಕಾರಣವನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿದರು. ಸಿದ್ಧ ಆಹಾರ ತಿನ್ನುತ್ತಿದ್ದ ಆ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರ ಕಡಿಮೆಯಾಗಿತ್ತು. ಟಾರಿನ್ ಕೊಟ್ಟಾಗ ಹಿಗ್ಗಿದ ಹೃದಯವು ಚೇತರಿಸಿಕೊಂಡಿತು. 1987ರಲ್ಲಿ ಈ ಸಂಶೋಧನೆ ಪ್ರಕಟವಾದ ತರುವಾಯ ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ಆ ರೋಗವೂ ವಿರಳವಾಯಿತು.

ಈ ವೃತ್ತಾಂತವನ್ನು ಕೇಳಿದವರು, ಮನುಷ್ಯನ ದುರ್ಬಲ ಹೃದಯಕ್ಕೂ ಇದೇ ಮದ್ದು ಎಂದು ತೀರ್ಮಾನಿಸುವುದುಂಟು. ಇಲ್ಲಿ ಒಂದು ಹೆಜ್ಜೆ ತಪ್ಪುತ್ತದೆ. ಬೆಕ್ಕಿನ ರೋಗಕ್ಕೆ ಕಾರಣ ಟಾರಿನ್‌ನ ಕೊರತೆ. ಕೊರತೆಯನ್ನು ನೀಗಿಸಿದೊಡನೆ ರೋಗವೂ ನೀಗಿತು. ಮನುಷ್ಯರಲ್ಲಿ ಹೃದಯ ವೈಫಲ್ಯಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಈ ಕೊರತೆಯಲ್ಲ. ರಕ್ತನಾಳ ಮುಚ್ಚಿಹೋಗಿ ಸತ್ತ ಸ್ನಾಯು ಟಾರಿನ್‌ನಿಂದ ಮತ್ತೆ ಹುಟ್ಟಲಾರದು. ಕೆಟ್ಟ ಕವಾಟ ಸರಿಹೋಗಲಾರದು. ಅಷ್ಟೇ ಅಲ್ಲ, ಹೃದಯ ವೈಫಲ್ಯದಿಂದ ಮೃತಪಟ್ಟ ರೋಗಿಗಳ ಹೃದಯಸ್ನಾಯುವಿನಲ್ಲಿ ಟಾರಿನ್ ಕಡಿಮೆಯಾಗಿರುವುದರ ಬದಲು ಹೆಚ್ಚಾಗಿತ್ತೆಂದು 1974ರಲ್ಲಿ ಅಮೆರಿಕದ ಸಂಶೋಧಕರಾದ ಹಕ್ಸ್‌ಟೇಬಲ್ ಮತ್ತು ಬ್ರೆಸ್ಲರ್ ವರದಿ ಮಾಡಿದ್ದರು.

ಮನುಷ್ಯರ ಮೇಲೆ ನಡೆದ ಪ್ರಯೋಗಗಳು

ಹಾಗೆಂದು ಟಾರಿನ್ ನಿಷ್ಪ್ರಯೋಜಕವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಜಪಾನಿನ ವೈದ್ಯ ಜುನಿಚಿ ಅಜುಮಾ ಮತ್ತು ಅವರ ಸಂಗಡಿಗರು 1980ರ ದಶಕದಿಂದ ಈ ದಿಶೆಯಲ್ಲಿ ಅಧ್ಯಯನ ನಡೆಸಿದರು. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 14 ಮಂದಿ ಹೃದಯ ವೈಫಲ್ಯದ ರೋಗಿಗಳಿಗೆ 4 ವಾರ ಟಾರಿನನ್ನೂ, 4 ವಾರ ನೋಡಲು ಅದರಂತೆಯೇ ಇದ್ದ, ಆದರೆ ಔಷಧಾಂಶವಿಲ್ಲದ ಹುಸಿಮದ್ದನ್ನೂ ಕೊಡಲಾಯಿತು. ಟಾರಿನ್ ಸೇವಿಸಿದ ಅವಧಿಯಲ್ಲಿ ರೋಗಿಗಳ ಸ್ಥಿತಿ ಉತ್ತಮವಾಗಿತ್ತು. 1992ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 17 ಮಂದಿ ರೋಗಿಗಳು ಭಾಗವಹಿಸಿದ್ದರು. ಕೆಲವರಿಗೆ ದಿನಕ್ಕೆ 3 ಗ್ರಾಂ ಟಾರಿನನ್ನೂ, ಉಳಿದವರಿಗೆ 30 ಮಿಲಿಗ್ರಾಂ ಕೋಎನ್‌ಜೈಮ್ ಕ್ಯೂ-10 ಎಂಬ ಬೇರೊಂದು ವಸ್ತುವನ್ನೂ ಕೊಟ್ಟು 6 ವಾರಗಳ ಬಳಿಕ ಪರೀಕ್ಷಿಸಿದಾಗ, ಟಾರಿನ್ ಸೇವಿಸಿದವರಲ್ಲಿ ಹೃದಯದ ಸಂಕುಚನ ಶಕ್ತಿ ಸುಧಾರಿಸಿದ್ದು ಕಂಡುಬಂದಿತು. ಜಪಾನಿನಲ್ಲಿ ಹೃದಯ ವೈಫಲ್ಯದ ಚಿಕಿತ್ಸೆಗಾಗಿ ಟಾರಿನ್‌ಗೆ ಔಷಧದ ಮಾನ್ಯತೆಯೂ ದೊರೆತಿದೆ. 2011ರಲ್ಲಿ ಇರಾನಿನಿಂದ ವರದಿಯಾದ ಪ್ರಯೋಗದಲ್ಲಿ 29 ಮಂದಿ ರೋಗಿಗಳ ಪೈಕಿ ಕೆಲವರಿಗೆ 500 ಮಿಲಿಗ್ರಾಂ ಟಾರಿನನ್ನು ದಿನಕ್ಕೆ 3 ಬಾರಿಯಂತೆ 2 ವಾರ ಕೊಟ್ಟಾಗ ಅವರ ವ್ಯಾಯಾಮ ಸಾಮರ್ಥ್ಯ ಹೆಚ್ಚಿತು.

ಈ ಫಲಿತಾಂಶಗಳು ಉತ್ತೇಜನಕಾರಿಯಾಗಿವೆ. ಆದರೆ ಓದುಗರು ಇಲ್ಲಿ ಮೂರು ಅಂಕೆಗಳನ್ನು ವಿಶೇಷವಾಗಿ ಗಮನಿಸಬೇಕು. ಭಾಗವಹಿಸಿದವರ ಸಂಖ್ಯೆ 14, 17 ಮತ್ತು 29. ಅವಧಿ ಎರಡು ವಾರದಿಂದ ಆರು ವಾರ. ಹೃದಯ ವೈಫಲ್ಯವಾದರೋ ವರ್ಷಾನುಗಟ್ಟಲೆ ಕಾಡುವ ರೋಗ. ಆಸ್ಪತ್ರೆಗೆ ಮತ್ತೆ ಮತ್ತೆ ಸೇರಬೇಕಾದ ಪ್ರಸಂಗ ತಪ್ಪಿತೇ, ರೋಗಿಯ ಆಯುಷ್ಯ ಹೆಚ್ಚಿತೇ ಎಂಬ ಪ್ರಶ್ನೆಗಳಿಗೆ ಇಷ್ಟು ಕಿರಿದಾದ ಪ್ರಯೋಗಗಳಿಂದ ಉತ್ತರ ಸಿಗುವುದಿಲ್ಲ.

ಲಕ್ಷಣದ ಸುಧಾರಣೆ ಬೇರೆ, ಆಯುಷ್ಯದ ರಕ್ಷಣೆ ಬೇರೆ

ಹೃದಯದ ಬಡಿತ ಬಲವಾದರೆ ಆಯುಷ್ಯವೂ ಹೆಚ್ಚುತ್ತದೆಯಲ್ಲವೇ ಎಂದು ಕೆಲವರು ಕೇಳಬಹುದು. ಈ ಊಹೆಯನ್ನು ವೈದ್ಯಶಾಸ್ತ್ರವೂ ಒಂದು ಕಾಲದಲ್ಲಿ ನಂಬಿತ್ತು. ಮಿಲ್ರಿನೋನ್ ಎಂಬ ಔಷಧವು ಹೃದಯದ ಸಂಕುಚನ ಶಕ್ತಿಯನ್ನು ಹೆಚ್ಚಿಸುತ್ತದೆಂಬುದು ನಿರ್ವಿವಾದ. ತೀವ್ರ ಹೃದಯ ವೈಫಲ್ಯವಿದ್ದ 1,088 ರೋಗಿಗಳಲ್ಲಿ ಒಂದು ಪಂಗಡಕ್ಕೆ ಮಿಲ್ರಿನೋನ್ ಮಾತ್ರೆಯನ್ನೂ, ಇನ್ನೊಂದು ಪಂಗಡಕ್ಕೆ ಹುಸಿಮದ್ದನ್ನೂ ಕೊಟ್ಟು ಹೋಲಿಸಿದಾಗ, ಮಿಲ್ರಿನೋನ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇಕಡಾ 28ರಷ್ಟು ಅಧಿಕವಾಗಿತ್ತು. 1991ರಲ್ಲಿ ಪ್ರಕಟವಾದ ಈ ಫಲಿತಾಂಶವು ವೈದ್ಯಲೋಕಕ್ಕೆ ಒಂದು ದೊಡ್ಡ ಎಚ್ಚರಿಕೆಯಾಯಿತು. ಬಳಲಿದ ಎತ್ತನ್ನು ಚಾವಟಿಯಿಂದ ಹೊಡೆದರೆ ಅದು ನಾಲ್ಕು ಹೆಜ್ಜೆ ಬಿರುಸಾಗಿ ಇಡಬಹುದು. ಅದರಿಂದ ಅದರ ದಣಿವು ಕಳೆಯಿತೆಂದು ಹೇಳಲಾಗದು.

ಟಾರಿನ್ ಹೀಗೆ ಹಾನಿ ಮಾಡುತ್ತದೆಂದು ಇದರ ಅರ್ಥವಲ್ಲ. ಎಕೋ ವರದಿಯಲ್ಲಿ ಒಂದು ಅಂಕೆ ಏರಿತೆಂಬ ಮಾತ್ರಕ್ಕೆ ರೋಗಿಗೆ ಒಳಿತಾಯಿತೆಂದು ಸಾರುವುದು ತರವಲ್ಲ ಎಂಬುದಷ್ಟೇ ಇಲ್ಲಿನ ತಾತ್ಪರ್ಯ.

ಆರ್ಜಿನಿನ್ ನೀಡಿದ ಎಚ್ಚರಿಕೆ

ಅಮೈನೋ ಆಮ್ಲಗಳು ಆಹಾರದ ಅಂಶಗಳೇ ಆದುದರಿಂದ ಅವುಗಳಿಂದ ಕೇಡಾಗದು ಎಂಬ ಭಾವನೆ ವ್ಯಾಪಕವಾಗಿದೆ. ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಇತಿಹಾಸವು ಇದನ್ನು ಅಲ್ಲಗಳೆಯುತ್ತದೆ. ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ದೇಹದಲ್ಲಿ ಆರ್ಜಿನಿನ್‌ನಿಂದಲೇ ಉತ್ಪತ್ತಿಯಾಗುತ್ತದೆ. ಆದ್ದರಿಂದ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಇದು ನೆರವಾಗಬಹುದೆಂದು ನಿರೀಕ್ಷಿಸಲಾಗಿತ್ತು. ಅಮೆರಿಕದಲ್ಲಿ 153 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂದಿತು. ಹೃದಯದ ಶಕ್ತಿಯಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಅಲ್ಲದೆ ಆರ್ಜಿನಿನ್ ಪಡೆದವರಲ್ಲಿ 6 ಮಂದಿ ಮೃತಪಟ್ಟರು. ಹುಸಿಮದ್ದು ಪಡೆದವರಲ್ಲಿ ಒಬ್ಬರೂ ಮೃತಪಡಲಿಲ್ಲ. ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಹೃದಯಾಘಾತದ ನಂತರ ಆರ್ಜಿನಿನ್ ಕೊಡಕೂಡದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಹೃದಯದ ಹೆಸರಿನಲ್ಲಿ ಮಾರಾಟವಾಗುವ ಕೆಲವು ಮಿಶ್ರಣಗಳಲ್ಲಿ ಟಾರಿನ್ ಜೊತೆಗೆ ಆರ್ಜಿನಿನ್ ಕೂಡ ಇರುವುದರಿಂದ, ಲೇಬಲ್ಲನ್ನು ಪೂರ್ತಿಯಾಗಿ ಓದುವುದು ಅಗತ್ಯ.

ಸಿದ್ಧಪಟ್ಟ ಚಿಕಿತ್ಸೆ ಯಾವುದು?

ಒತ್ತುವ ಶಕ್ತಿ ಕುಗ್ಗಿದ ಹೃದಯಕ್ಕೆ ಇಂದು ನಾಲ್ಕು ವರ್ಗದ ಔಷಧಗಳು ಆಧಾರಸ್ತಂಭಗಳಾಗಿವೆ. ಎನಲಾಪ್ರಿಲ್ ಮತ್ತು ಅದಕ್ಕೆ ಸಮೀಪದ ಔಷಧಗಳು ಮೊದಲನೆಯ ವರ್ಗ. 253 ತೀವ್ರ ರೋಗಿಗಳ ಮೇಲೆ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎನಲಾಪ್ರಿಲ್ 6 ತಿಂಗಳ ಅವಧಿಯ ಸಾವಿನ ಪ್ರಮಾಣವನ್ನು ಶೇಕಡಾ 40ರಷ್ಟು ತಗ್ಗಿಸಿತು. ಎರಡನೆಯದು ಮೆಟೊಪ್ರೊಲಾಲ್ ಮುಂತಾದ ಬೀಟಾ ತಡೆಗಳು. 3,991 ರೋಗಿಗಳ ಅಧ್ಯಯನದಲ್ಲಿ ಸಾವು ಶೇಕಡಾ 34ರಷ್ಟು ಕಡಿಮೆಯಾಯಿತೆಂದು 1999ರಲ್ಲಿ ವರದಿಯಾಯಿತು. ಮೂರನೆಯದು ಸ್ಪೈರೊನೊಲ್ಯಾಕ್ಟೋನ್ ವರ್ಗ. ಅದೇ ವರ್ಷ 1,663 ರೋಗಿಗಳ ಅಧ್ಯಯನದಲ್ಲಿ ಅದರಿಂದ ಸಾವು ಶೇಕಡಾ 30ರಷ್ಟು ಇಳಿಯಿತು. ನಾಲ್ಕನೆಯದು ಡಪಾಗ್ಲಿಫ್ಲೋಜಿನ್ ವರ್ಗ. 4,744 ರೋಗಿಗಳನ್ನೊಳಗೊಂಡ 2019ರ ಅಧ್ಯಯನವು ಅದರ ಪ್ರಯೋಜನವನ್ನು ಸ್ಥಿರಪಡಿಸಿತು. ಇವುಗಳ ಜೊತೆಗೆ ದೇಹದಲ್ಲಿ ನಿಂತ ನೀರನ್ನು ಹೊರಹಾಕಲು ಫ್ಯೂರೊಸೆಮೈಡ್‌ನಂತಹ ಮೂತ್ರವರ್ಧಕ ಮಾತ್ರೆಗಳನ್ನು ಕೊಡಲಾಗುತ್ತದೆ.

ಒಂದು ಕಡೆ ಸಾವಿರಾರು ರೋಗಿಗಳ ಮೇಲೆ ನಡೆದ ಅಧ್ಯಯನಗಳು, ಇನ್ನೊಂದು ಕಡೆ ಹದಿನಾಲ್ಕು, ಹದಿನೇಳು ಮಂದಿಯ ಪ್ರಯೋಗಗಳು. ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ. ನಿರ್ದಿಷ್ಟ ಕೊರತೆಯನ್ನು ನೀಗಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಇಂತಹ ರೋಗಿಗಳಿಗೆ ಜೀವಸತ್ತ್ವ ಹಾಗೂ ಆಹಾರ ಪೂರಕಗಳನ್ನು ಶಿಫಾರಸು ಮಾಡಲಾಗದೆಂದು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2022ರ ಮಾರ್ಗದರ್ಶಿಯಲ್ಲಿ ತಿಳಿಸಿವೆ.

ನಮ್ಮ ದೇಶದ ಪರಿಸ್ಥಿತಿ ಇನ್ನಷ್ಟು ಗಂಭೀರವಾಗಿದೆ. 2013ರಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯಕ್ಕಾಗಿ ದಾಖಲಾದ 1,205 ರೋಗಿಗಳ ವಿವರಗಳನ್ನು ಸಂಗ್ರಹಿಸಲಾಯಿತು. ಅವರ ಸರಾಸರಿ ವಯಸ್ಸು 61 ವರ್ಷ. ಆಸ್ಪತ್ರೆಯಲ್ಲಿದ್ದಾಗಲೇ ಶೇಕಡಾ 8.5ರಷ್ಟು ರೋಗಿಗಳು ಮೃತಪಟ್ಟರು. ಹೃದಯದ ಒತ್ತುವ ಶಕ್ತಿ ಕುಗ್ಗಿದ್ದವರಲ್ಲಿ ಮನೆಗೆ ಮರಳುವಾಗ ಮಾರ್ಗದರ್ಶಿಗೆ ಅನುಗುಣವಾದ ಔಷಧಗಳನ್ನು ಪಡೆದವರು ಕೇವಲ ಶೇಕಡಾ 25. ಎಂದರೆ, ಸಿದ್ಧಪಟ್ಟ ಔಷಧವೇ ನಾಲ್ವರಲ್ಲಿ ಮೂವರಿಗೆ ಸರಿಯಾಗಿ ತಲುಪಿರಲಿಲ್ಲ. ಇಂತಹ ಸನ್ನಿವೇಶದಲ್ಲಿ ಕುಟುಂಬದ ಹಣ ಮೊದಲು ಎಲ್ಲಿ ವಿನಿಯೋಗವಾಗಬೇಕೆಂಬುದು ವಿಚಾರಾರ್ಹ. ಮೇಲೆ ಹೇಳಿದ ಔಷಧಗಳಲ್ಲಿ ಹಲವು ಜನೌಷಧಿ ಕೇಂದ್ರಗಳಲ್ಲಿ ಮೂಲ ರಾಸಾಯನಿಕ ಹೆಸರಿನಲ್ಲಿ ಅಗ್ಗವಾಗಿ ದೊರೆಯುತ್ತವೆ. ಪೂರಕದ ಡಬ್ಬಿಗಾಗಿ ಹಣ ಹೊಂದಿಸಲು ದಿನದ ಮಾತ್ರೆಯೊಂದನ್ನು ಬಿಡುವುದು ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲನ್ನು ತೆರೆದಿಟ್ಟಂತೆ.

ಪೂರಕ ಸೇವಿಸಲು ಬಯಸುವವರು ತಿಳಿದಿರಬೇಕಾದ ಸಂಗತಿಗಳು

ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ 3 ಗ್ರಾಂವರೆಗಿನ ಟಾರಿನ್‌ನಿಂದ ಗಂಭೀರ ತೊಂದರೆ ಕಂಡುಬಂದಿಲ್ಲ. ಆದರೆ ಹೃದಯ ವೈಫಲ್ಯದ ರೋಗಿಯು ಆರೋಗ್ಯವಂತ ವಯಸ್ಕನಲ್ಲ. ಆದ್ದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಟಾರಿನ್ ರಕ್ತದೊತ್ತಡವನ್ನು ಸ್ವಲ್ಪ ಇಳಿಸಬಲ್ಲದು. ಹೃದಯ ವೈಫಲ್ಯದ ಔಷಧಗಳಲ್ಲಿ ಹಲವು ಅದೇ ಕೆಲಸ ಮಾಡುತ್ತವೆ. ಎರಡೂ ಸೇರಿದಾಗ ತಲೆಸುತ್ತು ಬಂದು ಬೀಳುವ ಸಂಭವವಿದೆ. ವಯೋವೃದ್ಧರಲ್ಲಿ ಇದು ಅಪಾಯಕರ.

2. ಹೆಚ್ಚಾದ ಟಾರಿನ್ ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡಗಳು ಕೆಟ್ಟಿರುವವರಲ್ಲಿ ಅದು ರಕ್ತದಲ್ಲಿ ಶೇಖರವಾಗುತ್ತದೆ. ಹೃದಯ ವೈಫಲ್ಯದ ರೋಗಿಗಳಲ್ಲಿ ಅನೇಕರಿಗೆ ಮೂತ್ರಪಿಂಡದ ತೊಂದರೆಯೂ ಇರುವುದರಿಂದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಪೂರಕವನ್ನು ಆರಂಭಿಸಬಾರದು.

3. ಶಕ್ತಿ ಪೇಯಗಳೆಂದು ಮಾರಾಟವಾಗುವ ಕೆಲವು ಪಾನೀಯಗಳಲ್ಲಿ 250 ಮಿಲಿಲೀಟರಿಗೆ ಸುಮಾರು 1 ಗ್ರಾಂ ಟಾರಿನ್ ಇರುತ್ತದೆ. ಆದರೆ ಅವುಗಳಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್ ಕೂಡ ಇದ್ದು, ಬಹುಪಾಲು ಪೇಯಗಳಲ್ಲಿ ಸಕ್ಕರೆಯೂ ಹೇರಳವಾಗಿರುತ್ತದೆ. ಟಾರಿನ್ ಇದೆಯೆಂಬ ಕಾರಣಕ್ಕೆ ಹೃದ್ರೋಗಿಗಳು ಇವನ್ನು ಕುಡಿಯುವುದು ಸಲ್ಲದು.

4. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಹೊರಡಿಸಿದ ನಿಯಮಾವಳಿಯು, ಪೂರಕಗಳ ಲೇಬಲ್ಲಿನ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದರೆ ಔಷಧವಾಗಿ ಬಳಸಲು ಅಲ್ಲ ಎಂಬ ಮಾತನ್ನು ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಇಂಗ್ಲಿಷ್ ಓದಲು ಬಾರದ ಹಿರಿಯರಿಗೆ ಮನೆಯವರು ಇದನ್ನು ಓದಿ ಹೇಳಬೇಕು.

5. ಪೂರಕವನ್ನು ಈಗಾಗಲೇ ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಊರಿನಿಂದ ಮಕ್ಕಳ ಮನೆಗೆಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಅಥವಾ ದೆಹಲಿಗೆ ಬರುವ ತಂದೆತಾಯಿಗಳಿಗೆ ಅಲ್ಲಿಯ ವೈದ್ಯರೊಡನೆ ವಿವರವಾಗಿ ಮಾತನಾಡಲು ಭಾಷೆಯ ತೊಡಕಿರಬಹುದು. ಇಂತಹವರು ತಾವು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಪೂರಕಗಳ ಡಬ್ಬಿಗಳನ್ನೂ, ಹಿಂದಿನ ಎಕೋ ವರದಿಯನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಟ್ಟರೆ ಅರ್ಧ ಕೆಲಸ ಆದಂತೆಯೇ ಸರಿ.

6. ಖರ್ಚಿಲ್ಲದ ಆರೈಕೆಯನ್ನು ಮರೆಯಬಾರದು. ಉಪ್ಪು, ಉಪ್ಪಿನಕಾಯಿ, ಹಪ್ಪಳಗಳನ್ನು ಮಿತಗೊಳಿಸಬೇಕು. ಪ್ರತಿದಿನ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಆಹಾರಕ್ಕೆ ಮುನ್ನ ತೂಕ ನೋಡಿ ಬರೆದಿಡಬೇಕು. ಮೂರು ದಿನಗಳಲ್ಲಿ ತೂಕ 2 ಕಿಲೋಗ್ರಾಂಗಿಂತ ಹೆಚ್ಚು ಏರಿದರೆ ದೇಹದಲ್ಲಿ ನೀರು ನಿಲ್ಲುತ್ತಿರುವ ಸೂಚನೆಯೆಂದು ತಿಳಿದು ವೈದ್ಯರನ್ನು ಕಾಣಬೇಕು.

ಪಾಠದ ಸಾರ

ಆರಂಭದಲ್ಲಿ ಎತ್ತಿದ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಟಾರಿನನ್ನು ಕೊಡಬಹುದೇ? ಚಿಕಿತ್ಸೆ ನೀಡುತ್ತಿರುವ ವೈದ್ಯರು ರಕ್ತದೊತ್ತಡವನ್ನೂ ಮೂತ್ರಪಿಂಡಗಳನ್ನೂ ಪರಿಶೀಲಿಸಿ ಒಪ್ಪಿದರೆ ಮಾತ್ರ. ಗುಣ ಕಾಣುವುದೇ? ಕೆಲವರಲ್ಲಿ ಅಲ್ಪಾವಧಿಯ ಸುಧಾರಣೆ ಕಂಡಿದೆ. ಆಯುಷ್ಯ ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲ. ಈಗಿರುವ ಮಾತ್ರೆಗಳನ್ನು ಕಡಿಮೆ ಮಾಡಬಹುದೇ? ಖಂಡಿತವಾಗಿಯೂ ಇಲ್ಲ.

ಮುಂದೆ ಇನ್ನಾವುದಾದರೂ ಪೂರಕದ ಗುಣಗಾನ ಕಿವಿಗೆ ಬಿದ್ದಾಗ ಓದುಗರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ: ಎಷ್ಟು ಜನರ ಮೇಲೆ ಪರೀಕ್ಷಿಸಲಾಗಿದೆ? ಎಷ್ಟು ಕಾಲ? ಯಾವುದರೊಡನೆ ಹೋಲಿಸಲಾಗಿದೆ? ಸುಧಾರಿಸಿದ್ದು ವರದಿಯ ಅಂಕೆಯೋ, ರೋಗಿಯ ಬದುಕೋ? ಈ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ದೊರೆಯುವವರೆಗೆ, ದಿನನಿತ್ಯದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದೇ ದುರ್ಬಲ ಹೃದಯಕ್ಕೆ ಮನೆಯವರು ಕೊಡಬಹುದಾದ ನಿಜವಾದ ಬಲ.